ಗಾಳಿಗೆ ಬೀಗ ಹಾಕಿದ ಮುದ್ದಣ್ಣ

ಮೂವತ್ತೊಂದು ವರ್ಷ ಅಂಚೆ ಇಲಾಖೆಯಲ್ಲಿ ದುಡಿದ ನನ್ನಂಥವನಿಗೆ ಲೋಕದ ಮಾತುಗಳೆಲ್ಲ ಎರಡೇ ಬಗೆಯವು. ಒಂದು, ಗೋಂದು ಹಚ್ಚಿ ಅಂಟಿಸಿದ ಲಕೋಟೆ. ಇನ್ನೊಂದು, ಬರೀ ಕಾರ್ಡು. ಕಾರ್ಡನ್ನು ಪಡೆದವನು ಓದುತ್ತಾನೆ, ಹಂಚುವ ಪೋಸ್ಟ್‌ಮ್ಯಾನ್ ಓದುತ್ತಾನೆ, ಅವನು ನೀರು ಕೇಳಿ ಕುಳಿತ ಮನೆಯ ಅಜ್ಜಿ ಓದಿಸಿಕೊಳ್ಳುತ್ತಾಳೆ. ಪೋಸ್ಟ್ ಮಾಸ್ಟರ್ ಓದುತ್ತಾನೋ ಇಲ್ಲವೋ ಎಂಬುದು ಇಲ್ಲಿ ಅಪ್ರಸ್ತುತ.

ಈ ಲೆಕ್ಕದಲ್ಲಿ ವಯರ್‌ಲೆಸ್ ಎಂಬುದು ಕಾರ್ಡಿಗಿಂತಲೂ ಕೀಳು. ಅದು ತೆಂಗಿನಮರ ಹತ್ತಿ ಕೂಗಿದ ಕಾರ್ಡು. ಸಾಲದ್ದಕ್ಕೆ ಅದಕ್ಕೊಂದು ಹೆಡ್ ಆಫೀಸಿಲ್ಲ, ಮೊಹರಿಲ್ಲ, ಮೆಮೋ ಕೊಡಲು ಮೇಲಧಿಕಾರಿಯಿಲ್ಲ. ಇಂಥ ಶಿಸ್ತಿಲ್ಲದ ವಸ್ತುವನ್ನು ನಾನು ಜೀವಮಾನವಿಡೀ ತಿರಸ್ಕರಿಸಿಯೇ ಇರುತ್ತಿದ್ದೆ, ನಮ್ಮ ಉಚ್ಚಿಲದ ಮುದ್ದಣ್ಣ ಅದಕ್ಕೊಂದು ಬೀಗ ಹಾಕದೆ ಹೋಗಿದ್ದರೆ. ಅವನ ಮೇಲಿನ ಮೆಚ್ಚುಗೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಅವನನ್ನು ಬಲ್ಲವರು ಹುಬ್ಬೇರಿಸಬಹುದು. ಏರಿಸಲಿ. ಆ ದೋಣಿಗಳೂ ಈಗ ಇಲ್ಲ, ಆ ಸಂಘವೂ ಇಲ್ಲ, ಆದ್ದರಿಂದ ಗುಟ್ಟು ಬಿಟ್ಟುಕೊಟ್ಟರೆ ಯಾರ ಹೊಟ್ಟೆಗೂ ಏಟಿಲ್ಲ.

ನಾನು ಹೇಳುತ್ತಿರುವುದು ಎಂಬತ್ತಮೂರನೆಯ ಇಸವಿಯ ಮಾತು. ಮುದ್ದಣ್ಣನಿಗೆ ಆಗ ನಲವತ್ತೈದು. ಸೋಡಾ ಅಂಗಡಿ ಇಟ್ಟು ಮುಚ್ಚಿದ್ದ, ಬೀಡಿಯ ಬ್ರಾಂಚು ನಡೆಸಿ ಬಿಟ್ಟಿದ್ದ, ಕೊಡೆ ರಿಪೇರಿ ಮಾಡಿ ಊರಿನ ಅರ್ಧ ಕೊಡೆಗಳನ್ನು ಶಾಶ್ವತವಾಗಿ ಬಿಡಿಸಿದ ಸ್ಥಿತಿಯಲ್ಲೇ ನಿಲ್ಲಿಸಿದ್ದ. ಇವೆಲ್ಲಕ್ಕಿಂತ ದೊಡ್ಡ ಹೆಸರು ಅವನ ಬಾಯಿಗೆ. ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುತ್ತಿರಲಿಲ್ಲ. ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದಾಗ, ಅವರು ಕೇಳುವ ಮೊದಲೇ ‘ಹುಡುಗಿ ಗೊರಕೆ ಹೊಡೆಯುತ್ತಾಳೆ, ಆದರೆ ಸಣ್ಣ ಗೊರಕೆ’ ಎಂದವನು ಇವನೇ.

ಇಂಥವನಿಗೆ ಊರು ವಯರ್‌ಲೆಸ್ ಕೊಟ್ಟಿತು. ಅದಕ್ಕೆ ಕಾರಣ ಅವನ ಗಂಟಲು. ಉಚ್ಚಿಲದ ಹದಿನೈದು ಮನೆಯವರು ಸಂಘ ಕಟ್ಟಿ, ಮೀನಿನ ಹಿಂಡನ್ನು ಸುತ್ತಿ ಹಿಡಿಯುವ ದೊಡ್ಡ ಬಲೆಯ ಮೂರು ದೋಣಿಗಳನ್ನು ನೀರಿಗಿಳಿಸಿದ್ದರು: ಸ್ವರ್ಣಲತಾ, ಜಲಪುಷ್ಪ, ಸಾಗರಜ್ಯೋತಿ. ಒಂದೊಂದಕ್ಕೂ ಒಂದು ವಯರ್‌ಲೆಸ್. ದಡದ ಬಲೆ ಚಪ್ಪರದಲ್ಲಿ ಇನ್ನೊಂದು, ಅದರ ಮುಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಮುದ್ದಣ್ಣ. ದೂರ ಹೋದ ದೋಣಿಯ ದನಿ ದಡಕ್ಕೆ ಮುಟ್ಟುತ್ತಿರಲಿಲ್ಲ. ನಡುವಿನ ದೋಣಿಯವರು ಕೇಳಿಸಿಕೊಂಡು ಮತ್ತೆ ಹೇಳಬೇಕು, ಅದನ್ನು ಕೇಳಿದವರು ಇನ್ನೊಮ್ಮೆ ಹೇಳಬೇಕು. ಯಾರೂ ಯಜಮಾನರಲ್ಲ, ಎಲ್ಲರೂ ಟಪಾಲಿನವರೇ. ಜೀವನದಲ್ಲಿ ಮೊದಲ ಸಲ ಮುದ್ದಣ್ಣ ಮಾತನಾಡಿದರೆ ಜನ ಸುಮ್ಮನಾಗಿ ಕೇಳುತ್ತಿದ್ದರು. ಅವನು ಆ ಸ್ಟೂಲಿಗೆ ದಿನಾ ಬೆಳಿಗ್ಗೆ ಕೈಮುಗಿದು ಕುಳಿತುಕೊಳ್ಳುತ್ತಿದ್ದ.

ತೊಂದರೆ ಶುರುವಾದದ್ದು ಬಂಗುಡೆ ಮೀನಿನ ಕಾಲದಲ್ಲಿ. ಸ್ವರ್ಣಲತಾದ ತಾಂಡೇಲ ಸುಂದರ, ಎಂದರೆ ಆ ದೋಣಿಯ ಮುಖ್ಯಸ್ಥ, ಕಣ್ಣಿನ ಮನುಷ್ಯ. ನೀರಿನ ಬಣ್ಣ ನೋಡಿ ಹಿಂಡನ್ನು ಗುರುತಿಸುತ್ತಿದ್ದ. ಕೂಡಲೇ ವಯರ್‌ಲೆಸ್‌ನಲ್ಲಿ ‘ಕಾಪು ದೀಪಸ್ತಂಭದ ನೇರ, ಹದಿನೆಂಟು ಮಾರು’ ಎನ್ನುತ್ತಿದ್ದ. ಎರಡು ಕೈ ಚಾಚಿದಷ್ಟು ಆಳ ಒಂದು ಮಾರು. ಆಳ ಗೊತ್ತಾದರೆ ದಡದಿಂದ ಎಷ್ಟು ದೂರವೆಂದು ಗೊತ್ತಾದ ಹಾಗೆ. ಆದರೆ ನಮ್ಮ ಇನ್ನೆರಡು ದೋಣಿಗಳು ಅಲ್ಲಿ ತಲುಪುವಾಗ ಬೇರೆಯವರ ಹತ್ತು ದೋಣಿಗಳು ಬಲೆ ಬಿಟ್ಟು ಕುಳಿತಿರುತ್ತಿದ್ದವು. ಎಲ್ಲರಿಗಿಂತ ಮುಂದೆ ಕೆಮ್ಮಣ್ಣಿನ ಸ್ಟ್ಯಾನಿಸ್ಲಾಸ್.

ಸಂಘದ ಅಧ್ಯಕ್ಷೆ ಗುಣವತಿಯಕ್ಕನಿಗೆ ಅನುಮಾನ ಬೇರೆ ಕಡೆ ಹೋಗಲೇ ಇಲ್ಲ.

“ಮುದ್ದಣ್ಣ, ನಿನ್ನ ಬಾಯಿಯಿಂದಲೇ ಹೋಗುವುದು ಇದು. ತಿಂಗಳ ಕೊನೆಯ ಆದಿತ್ಯವಾರ ಸಭೆ ಉಂಟು. ಅಷ್ಟರೊಳಗೆ ನಿಲ್ಲದಿದ್ದರೆ ಸ್ಟೂಲು ಬೇರೆಯವರಿಗೆ.”

ಮುದ್ದಣ್ಣ ನೇರ ನನ್ನ ಅಂಚೆ ಕಚೇರಿಗೆ ಬಂದ. “ಪೋಸ್ಟ್ ಮಾಸ್ಟ್ರೇ, ದೇವರಾಣೆ ನಾನು ಯಾರಿಗೂ ಹೇಳಿಲ್ಲ. ಹೇಳಬೇಕು ಅಂತ ಆಸೆ ಆಗುವುದು ಹೌದು. ಆದರೆ ನಾನು ಬಾಯಿ ತೆರೆಯುವ ಮೊದಲೇ ಅವರಿಗೆಲ್ಲ ಗೊತ್ತಿರ್ತದೆ.”

“ಅವರ ದೋಣಿಯಲ್ಲೂ ವಯರ್‌ಲೆಸ್ ಉಂಟಲ್ಲ ಮಾರಾಯ. ನಿಮ್ಮದು ಕಾರ್ಡು. ಲಕೋಟೆ ಮಾಡದಿದ್ದರೆ ಎಲ್ಲರೂ ಓದುತ್ತಾರೆ.”

“ಗಾಳಿಗೆ ಲಕೋಟೆ ಎಲ್ಲಿ ಸಿಗ್ತದೆ?”

ಈ ಪ್ರಶ್ನೆಗೆ ಅಂಚೆ ಇಲಾಖೆಯ ಕೈಪಿಡಿಯಲ್ಲಿ ಉತ್ತರವಿರಲಿಲ್ಲ. ಆದ್ದರಿಂದ ನಾವಿಬ್ಬರೂ ಮರುದಿನ ಮಣಿಪಾಲದ ಬಸ್ಸು ಹತ್ತಿದೆವು.

ಅಲ್ಲಿ ಎಂಜಿನಿಯರಿಂಗ್ ಕಲಿಸುವ ಬೆಂಜಮಿನ್ ಎಂಬ ಪ್ರೊಫೆಸರರು ನನಗೆ ಮನಿಯಾರ್ಡರಿನ ಮೂಲಕ ಪರಿಚಿತರು. ಅವರು ಮೊದಲ ಅರ್ಧ ಗಂಟೆ ಬೋರ್ಡಿನ ಮೇಲೆ ಬರೆದದ್ದು ನನಗೆ ಅರ್ಥವಾಗಲಿಲ್ಲ. ಮುದ್ದಣ್ಣ ಮಾತ್ರ ತಲೆಯಾಡಿಸುತ್ತ ಕುಳಿತಿದ್ದ. ಅವನು ತಲೆಯಾಡಿಸುವುದು ಅರ್ಥವಾಗದಿದ್ದಾಗ ಎಂಬುದು ಪ್ರೊಫೆಸರರಿಗೆ ಗೊತ್ತಿರಲಿಲ್ಲ. ಕೊನೆಗೆ ಅವರು ಸೀಮೆಸುಣ್ಣ ಕೆಳಗಿಟ್ಟು ನಮ್ಮ ಭಾಷೆಗೆ ಇಳಿದರು.

“ನೋಡಿ, ನಿಮ್ಮ ತಾಂಡೇಲ ನಿಜವಾದ ಆಳ ಹೇಳುವುದು ಬೇಡ. ಇವತ್ತು ನಾಲ್ಕು ಕಡಿಮೆ ಮಾಡಿ ಹೇಳಲಿ. ನಿಮ್ಮವರು ನಾಲ್ಕು ಕೂಡಿಸಿಕೊಳ್ಳಲಿ. ನಾಳೆ ಬೇರೆ ಅಂಕೆ. ಆ ಅಂಕೆಯೇ ಬೀಗದ ಕೈ.”

“ಆ ಅಂಕೆಯನ್ನು ನಾನು ಬೆಳಿಗ್ಗೆ ವಯರ್‌ಲೆಸ್‌ನಲ್ಲಿ ಹೇಳಿಬಿಡ್ತೇನೆ,” ಎಂದ ಮುದ್ದಣ್ಣ.

ಪ್ರೊಫೆಸರರು ಕನ್ನಡಕ ತೆಗೆದು ಒರೆಸಿಕೊಂಡರು. “ಅದು ಬೀಗ ಹಾಕಿ ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿದ ಹಾಗೆ ಆಗ್ತದೆ. ಅಂಕೆ ಗಾಳಿಯಲ್ಲಿ ಹೋಗಲೇಬಾರದು. ಇನ್ನೊಂದು ವಿಷಯ. ನಿಮ್ಮದು ಬಹಳ ಸಣ್ಣ ಬೀಗ. ಅಂಕೆ ಕೂಡಿಸುತ್ತಾರೆ ಅಂತ ಗೊತ್ತಾದರೆ ಹತ್ತು ದೋಣಿಯವರು ಸೇರಿ ಹತ್ತು ಆಳದಲ್ಲಿ ಹುಡುಕುತ್ತಾರೆ, ಮುಗಿಯಿತು. ಆದ್ದರಿಂದ ಬೀಗ ಇರುವುದೇ ಯಾರಿಗೂ ಗೊತ್ತಾಗಬಾರದು. ಹೆಂಡತಿಗೂ.”

‘ಹೆಂಡತಿಗೂ’ ಎಂಬಲ್ಲಿ ಮುದ್ದಣ್ಣ ತಲೆಯಾಡಿಸಲಿಲ್ಲ. ಅಂದರೆ ಅದು ಅರ್ಥವಾಗಿತ್ತು.

ಹೊರಗೆ ಬಂದು ಬಸ್ಸಿಗೆ ನಿಂತಾಗ ಅವನ ಮುಖ ಬಾಡಿತ್ತು. ಉಚ್ಚಿಲದ ದಡದಲ್ಲಿ ಬೆಳಿಗ್ಗೆ ಇನ್ನೂರು ಜನ. ಐಸಿನವರು, ಬುಟ್ಟಿಯವರು, ಬೇರೆ ದೋಣಿಯವರ ನೆಂಟರು. ಕಿವಿಯಲ್ಲಿ ಹೇಳಿದರೆ ಹೇಳಿದ್ದೇ ಸುದ್ದಿ. ಚೀಟಿ ಕೊಟ್ಟರೆ ಓದಲು ನಾಲ್ಕು ಜನ ಬಗ್ಗುತ್ತಾರೆ. ಇನ್ನೂರು ಜನರ ನಡುವೆ ಒಂದು ಅಂಕೆಯನ್ನು ಯಾರಿಗೂ ಕಾಣದ ಹಾಗೆ, ಕೇಳದ ಹಾಗೆ ಹೇಗೆ ದಾಟಿಸುವುದು? ಹೀಗೆ ಚಿಂತಿಸುತ್ತಿದ್ದಾಗ ಎದುರಿಗೆ ಬಂದು ನಿಂತದ್ದು ಕಾರ್ಕಳದ ಬಸ್ಸು. ಮುದ್ದಣ್ಣ ಅದರ ಬೋರ್ಡನ್ನು ನೋಡಿದ, ನನ್ನ ಕೈ ಹಿಡಿದ, ಹತ್ತಿಯೇ ಬಿಟ್ಟ.

“ನಮ್ಮ ಎಮ್ಮೆ ತಂದದ್ದು ಕಾರ್ಕಳದಿಂದ ಅಲ್ವಾ? ಹಸೈನಾರ್ ಬ್ಯಾರಿಗಳು ವ್ಯಾಪಾರ ಮಾಡಿಸಿದ್ದು. ಸುತ್ತ ನಲವತ್ತು ಜನ ಇದ್ದರು ಪೋಸ್ಟ್ ಮಾಸ್ಟ್ರೇ, ಹೆಂಡತಿ ಸುಗಂಧಿ ನನ್ನ ಪಕ್ಕದಲ್ಲೇ ಇದ್ದಳು. ಎಷ್ಟಕ್ಕೆ ಆಯಿತು ಅಂತ ಒಬ್ಬರಿಗೂ ಗೊತ್ತಾಗಲಿಲ್ಲ. ಮನೆಗೆ ಹೋದ ಮೇಲೆ ನಾನೇ ಎಲ್ಲರಿಗೂ ಹೇಳಿದೆ.”

ನಾನು ಬಾಯಿ ಬಿಟ್ಟುಕೊಂಡು ಅವನನ್ನು ನೋಡಿದೆ. ಕೋಣ, ಎಮ್ಮೆಗಳ ವ್ಯಾಪಾರದಲ್ಲಿ ದಲಾಲಿಗಳು ಬೈರಾಸನ್ನು, ಎಂದರೆ ಹೆಗಲ ಮೇಲಿನ ವಸ್ತ್ರವನ್ನು, ಕೈಮೇಲೆ ಹೊದಿಸಿ, ಅದರಡಿಯಲ್ಲಿ ಬೆರಳು ಹಿಡಿದು ಬೆಲೆ ಹೇಳುವುದನ್ನು ಜಿಲ್ಲೆಯಲ್ಲಿ ನೋಡದವರಿಲ್ಲ. ಹಿಡಿದ ಬೆರಳಿಗೊಂದು ಅಂಕೆ, ಅಂಗೈ ಒತ್ತಿದರೆ ಐದು. ಬಾಯಿಗೆ ಕೆಲಸವಿಲ್ಲ. ಪ್ರೊಫೆಸರರ ಬೋರ್ಡಿನಲ್ಲಿ ಇಲ್ಲದ್ದನ್ನು ಈ ಮಹಾನುಭಾವ ತನ್ನ ಎಮ್ಮೆಯ ಹಿಂದೆ ನಿಂತು ಕಂಡುಹಿಡಿದಿದ್ದ.

ಹಸೈನಾರ್ ಬ್ಯಾರಿಗಳು ಕಾರ್ಕಳದ ಬಸ್‌ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಯಲ್ಲಿ ಸಿಕ್ಕರು. ಬಿಳಿಗಡ್ಡದ, ಕಡಿಮೆ ಮಾತಿನ ಮನುಷ್ಯ.

“ಎಂತ, ಎಮ್ಮೆ ಹಾಲು ಕೊಡುವುದಿಲ್ವಾ?”

“ಎಮ್ಮೆ ಚೆಂದ ಉಂಟು ಬ್ಯಾರಿಗಳೇ. ನನಗೆ ಬೈರಾಸು ಕಲಿಸಬೇಕು. ಯಾಕೆ ಅಂತ ಮಾತ್ರ ಕೇಳಬೇಡಿ.”

ಬ್ಯಾರಿಗಳು ಕೇಳಲಿಲ್ಲ. ಕೇಳದಿರುವುದೇ ಅವರ ವೃತ್ತಿ. ಎರಡು ಗಂಟೆ ಕಲಿಸಿದರು. ಮುದ್ದಣ್ಣ ಬೆರಳು ಹಿಡಿದಾಗಲೆಲ್ಲ ತುಟಿ ‘ಎರಡು, ಮೂರು’ ಎಂದು ಅಲುಗುತ್ತಿತ್ತು. ಎದುರಿನವನ ಮುಖ ನೋಡಿದರೆ ಕಣ್ಣೂ ಹೇಳಿಬಿಡುತ್ತಿತ್ತು. “ಮುಖ ನೋಡಲೇಬಾರದು,” ಎಂದರು ಬ್ಯಾರಿಗಳು. “ಆಕಾಶ ನೋಡಿ. ಮಳೆ ಬರ್ತದಾ ಇಲ್ವಾ ಅಂತ ನೋಡುವವರ ಹಾಗೆ.”

ಹಿಂದಿರುಗುವಾಗ ಬಸ್ಸಿನಲ್ಲಿ ಅವನು ಅಭ್ಯಾಸ ಬಿಡಲಿಲ್ಲ. ದುಡ್ಡು ಕೊಡುವ ನೆಪದಲ್ಲಿ ಕಂಡಕ್ಟರನ ಬೆರಳುಗಳನ್ನು ಹಿಡಿದು ಆಕಾಶ ನೋಡಿದ. ಕಂಡಕ್ಟರ್ ಕಾರ್ಕಳದವನು. ಒಂದು ಮಾತಾಡದೆ ನಾಲ್ಕು ಟಿಕೆಟು ಹರಿದು ಕೊಟ್ಟ. ನಾವಿಬ್ಬರೇ ಇದ್ದದ್ದು. ಮುದ್ದಣ್ಣನಿಗೆ ಆದ ಸಂತೋಷ ಹೇಳತೀರದು.

ಅವನು ಗುಟ್ಟನ್ನು ಮೂವರು ತಾಂಡೇಲರಿಗೆ ಮಾತ್ರ ಹೇಳಿ, ಅವರಿಂದ ಸಮುದ್ರದ ಮೇಲೆ ಆಣೆ ಹಾಕಿಸಿದ. ಮೊದಲ ದಿನ ಒಂದು ಸಣ್ಣ ಎಡವಟ್ಟಾಯಿತು. ಅಂಕೆ ಒಂಬತ್ತೆಂದು ದಾಟಿಸಿದ ಮುದ್ದಣ್ಣ, ಕೇಳಿದವರು ಅದನ್ನು ಕೂಡಿಸಬೇಕೋ ಕಳೆಯಬೇಕೋ ಎಂದು ಹೇಳಲು ಮರೆತಿದ್ದ. ಸುಂದರ ‘ಹನ್ನೊಂದು’ ಎಂದಾಗ ಜಲಪುಷ್ಪದವರು ಕೂಡಿಸಿ ಇಪ್ಪತ್ತು ಮಾರಿಗೆ ಹೋಗಿ ಮೀನು ಹಿಡಿದರು. ಸಾಗರಜ್ಯೋತಿಯವರು ಕಳೆದು, ಎರಡೇ ಮಾರಿನ ನೀರಿಗೆ, ಕಾಪು ದೀಪಸ್ತಂಭದ ಬಂಡೆಯ ಬುಡಕ್ಕೆ ಬಂದು ಬಲೆ ಬಿಟ್ಟರು. ಪಿಕ್‌ನಿಕ್ಕಿಗೆ ಬಂದಿದ್ದ ಮಣಿಪಾಲದ ವಿದ್ಯಾರ್ಥಿಗಳು ಅವರ ಫೋಟೋ ತೆಗೆದುಕೊಂಡರು.

ಎರಡನೆಯ ದಿನದಿಂದ ಎಲ್ಲ ಸರಿಹೋಯಿತು. ಬೇರೆ ದೋಣಿಯವರು ಸುಂದರ ಹೇಳಿದ ಆಳಕ್ಕೆ ಓಡಿ ಬರೀ ನೀರು ಸುತ್ತಿಕೊಂಡು ಬಂದರು. ನಮ್ಮ ಮೂರು ದೋಣಿಗಳು ತುಂಬಿ ಬರತೊಡಗಿದವು. ಇಷ್ಟಾದರೆ ಊರು ಮುದ್ದಣ್ಣನನ್ನು ಹೊತ್ತು ಮೆರೆಸಬೇಕಾಗಿತ್ತು. ಆದರೆ ಊರಿನ ಕಣ್ಣು ಬಿದ್ದದ್ದು ಬೈರಾಸಿನ ಮೇಲೆ.

ಮೊದಲು ನೋಡಿದವರು ಐಸು ಮಾರುವ ಬರ್ತಾಬಾಯಿ. ಮುಂಜಾನೆ ಮುದ್ದಣ್ಣ ತಾಂಡೇಲರ ಕೈಗೆ ಕೈಕೊಟ್ಟು, ಮೇಲೆ ಬೈರಾಸು ಹೊದಿಸಿ, ಆಕಾಶ ನೋಡುತ್ತ ನಿಂತಿದ್ದ.

“ಎಂತ ಮಾರ್ತಾ ಇದ್ದಿ ಮುದ್ದಣ್ಣ?”

“ಏನೂ ಇಲ್ಲ.”

ಬರ್ತಾಬಾಯಿ ಐಸಿನ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟರು. ತಂಗಿಯ ಗೊರಕೆ ಹೇಳಿದವನು, ಸೋಡಾದಲ್ಲಿ ನೊಣ ಬಿದ್ದದ್ದನ್ನು ಗಿರಾಕಿಗೆ ಮೊದಲೇ ಹೇಳುತ್ತಿದ್ದವನು ‘ಏನೂ ಇಲ್ಲ’ ಎಂದಿದ್ದಾನೆ. ಅಂದರೆ ವಿಷಯ ಭಾರಿಯದೇ. ಬೈರಾಸಿನ ಅಡಿಯಲ್ಲಿ ಮಾರಾಟವಲ್ಲದೆ ಬೇರೇನು ನಡೆಯುತ್ತದೆ? ತಾಂಡೇಲರ ಹತ್ತಿರ ಮಾರುವಂಥದ್ದು ಏನಿದೆ? ಮಧ್ಯಾಹ್ನದೊಳಗೆ ಉಚ್ಚಿಲಕ್ಕೆಲ್ಲ ಗೊತ್ತಾಯಿತು: ಮುದ್ದಣ್ಣ ದಲಾಲಿಯಾಗಿ ಸಂಘದ ಮೂರು ದೋಣಿಗಳನ್ನು ಗುಟ್ಟಿನಲ್ಲಿ ಮಾರಿಸುತ್ತಿದ್ದಾನೆ.

“ಹಾಗಾದರೆ ಇಷ್ಟು ಮೀನು ಯಾಕೆ ಬರ್ತದೆ?” ಎಂದು ನಾನು ಮೆಲ್ಲಗೆ ಕೇಳಿನೋಡಿದೆ.

“ಅದೇ ಮತ್ತೆ,” ಎಂದರು ಗುಣವತಿಯಕ್ಕ. “ಮಾರುವ ಮೊದಲು ದೋಣಿಯ ಹೆಸರು ಏರಿಸುವುದು. ನಿಮಗೆ ವ್ಯಾಪಾರ ಗೊತ್ತಿಲ್ಲ ಪೋಸ್ಟ್ ಮಾಸ್ಟ್ರೇ.”

ಮನುಷ್ಯ ಒಮ್ಮೆ ಅನುಮಾನಿಸಲು ಕುಳಿತರೆ ತುಂಬಿದ ದೋಣಿಯೂ ಸಾಕ್ಷಿಯಾಗುತ್ತದೆ. ಸುದ್ದಿ ಉಡುಪಿಗೂ ಮುಟ್ಟಿ, ಮೀನುಗಾರಿಕೆಯ ಇನ್‌ಸ್ಪೆಕ್ಟರರು ಜೀಪಿನಲ್ಲಿ ಬಂದರು. ಇಂಜಿನಿಗೆ ಸರಕಾರದ ಸಹಾಯವಿದ್ದ ದೋಣಿಯನ್ನು ಅನುಮತಿಯಿಲ್ಲದೆ ಮಾರುವ ಹಾಗಿಲ್ಲ ಎಂದು ಲಿಖಿತ ಹೇಳಿಕೆ ಕೇಳಿದರು. ಮುದ್ದಣ್ಣ ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟ: ‘ಕೈಯಲ್ಲಿ ಕೈ ಇಟ್ಟದ್ದು ನಿಜ. ಕಾರಣ ಹೇಳಲಾಗುವುದಿಲ್ಲ. ಇತಿ ತಮ್ಮ ವಿಧೇಯ.’ ಇನ್‌ಸ್ಪೆಕ್ಟರರು ಅದನ್ನು ಮೂರು ಸಲ ಓದಿ, ಫೈಲಿಗೆ ಸೇರಿಸಿ, ಯಾವ ಕಾಯಿದೆಯಡಿ ಬರುತ್ತದೆಂದು ನೋಡುತ್ತೇನೆ ಎಂದು ಹೊರಟುಹೋದರು.

ಮನೆಯಲ್ಲಿ ಕಥೆ ಇನ್ನೊಂದು ಬಗೆಯದು. ಸುಗಂಧಿಯವರಿಗೆ ದೋಣಿಯ ಚಿಂತೆಯಿರಲಿಲ್ಲ. ಬೈರಾಸು ಎಂದರೆ ಆಕೆಗೆ ಗೊತ್ತಿದ್ದದ್ದು ಒಂದೇ, ಎಮ್ಮೆ. ಹೊತ್ತಿಗೆ ಮೂರು ಸೇರು ಹಾಲು ಕೊಡುವ ಎಮ್ಮೆ ಅದು. ಮುದ್ದಣ್ಣನ ಸೋಡಾ, ಬೀಡಿ, ಕೊಡೆಗಳೆಲ್ಲ ಮುಳುಗಿದಾಗ ಸಂಸಾರ ತೇಲಿಸಿದ್ದೇ ಅದು. ಆಕೆ ಅದನ್ನು ಹಟ್ಟಿಯಿಂದ ತಂದು ಅಡುಗೆಮನೆಯ ಕಿಟಕಿಯ ಸರಳಿಗೆ ಕಟ್ಟಿದರು. ಒಂದು ಕೈಯಲ್ಲಿ ಸೌಟು, ಒಂದು ಕೈಯಲ್ಲಿ ಹಗ್ಗ.

“ಎಮ್ಮೆಗೆ ಗಿರಾಕಿ ನೋಡ್ತಾ ಇದ್ದೀರಂತೆ.”

“ಇಲ್ಲ ಮಾರಾಯ್ತಿ.”

“ಮತ್ತೆ ಬೈರಾಸಿನ ಅಡಿಯಲ್ಲಿ ಎಂತ?”

ಮುದ್ದಣ್ಣ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದು ಒಂದು ತುತ್ತು ಅನ್ನ ಇಟ್ಟುಕೊಂಡ. ಪಕ್ಕದಲ್ಲಿ ಊಟಕ್ಕೆ ಕುಳಿತಿದ್ದ ನಾನು ಕಣ್ಣಾರೆ ಕಂಡದ್ದು ಇದು. ಮಾತು ಗಂಟಲಿನವರೆಗೆ ಬಂದು, ಅನ್ನದ ಜೊತೆ ವಾಪಸು ಹೋಯಿತು. ಇವನು ಬಾಯಿಬಡುಕ ಎಂದು ಇಷ್ಟು ದಿನ ನಾನೂ ನಕ್ಕಿದ್ದೆ, ಅದಕ್ಕೆ ನಾಚಿಕೆಯಾಯಿತು.

ತಿಂಗಳ ಕೊನೆಯ ಆದಿತ್ಯವಾರ ಬಂತು. ಆ ಮುಂಜಾನೆ ಸುಂದರನಿಗೂ ಜಲಪುಷ್ಪದವನಿಗೂ ಅಂಕೆ ದಾಟಿಸಿ, ಮುದ್ದಣ್ಣ ಆಕಾಶ ನೋಡುತ್ತ, ಬೈರಾಸಿನಡಿ ಕೈಚಾಚಿ ಸಾಗರಜ್ಯೋತಿಯ ತಾಂಡೇಲನಿಗೆ ಕಾಯುತ್ತಿದ್ದ. ಒಂದು ಕೈ ಒಳಗೆ ಬಂತು. ಬ್ಯಾರಿಗಳ ಪಾಠದಂತೆ ಮುಖ ನೋಡದೆ ಮೂರು ಬೆರಳು ಹಿಡಿದ. ಆ ಕೈ ಒಪ್ಪಿಗೆಯೆಂಬಂತೆ ಗಟ್ಟಿಯಾಗಿ ಅಮುಕಿ, ಬೈರಾಸನ್ನು ಎಳೆದು ಒದರಿತು. ವ್ಯಾಪಾರ ಕುದುರಿದಾಗ ಹಾಗೆ ಮಾಡುವುದು. ಮುದ್ದಣ್ಣ ಕೆಳಗೆ ನೋಡಿದ. ಎದುರಿಗೆ ನಿಂತಿದ್ದವನು ಕೆಮ್ಮಣ್ಣಿನ ಸ್ಟ್ಯಾನಿಸ್ಲಾಸ್.

“ಮೂರು ಲಕ್ಷ. ಆಯಿತು,” ಎಂದು ಅವನು ನಕ್ಕು, ತನ್ನ ದೋಣಿ ಹತ್ತಿ ಸಮುದ್ರಕ್ಕೆ ಹೋದ. ಮೊದಲು ಮಾರಾಟವಾಗುವುದು ಸ್ವರ್ಣಲತಾ ಎಂದು ಊರಿನ ಸುದ್ದಿ, ಅದು ಅಗ್ಗದಲ್ಲಿ ಸಿಕ್ಕಿತೆಂದು ಅವನ ಎಣಿಕೆ. ಬಂಗುಡೆಯ ಬೀಗದ ಕೈಯನ್ನೇ ಹಿಡಿದುಕೊಂಡು ಹೋಗುತ್ತಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ. ಮುದ್ದಣ್ಣ ಸಾಗರಜ್ಯೋತಿಯವನಿಗೂ ಮೂರು ಬೆರಳು ದಾಟಿಸಿದ. ನನ್ನ ಹತ್ತಿರ ಬಂದು ಅವನು ಹೇಳಿದ್ದು ಇಷ್ಟೇ. “ಪೋಸ್ಟ್ ಮಾಸ್ಟ್ರೇ, ನಾನು ಸತ್ತೆ.”

ಮಧ್ಯಾಹ್ನ ಮೂರಕ್ಕೆ ಬಲೆ ಚಪ್ಪರದಲ್ಲಿ ಸಭೆ. ಹದಿನೈದು ಮನೆಯವರು, ಅವರ ನೆಂಟರು, ನೆಂಟರ ಪರಿಚಯದವರು. ಬೈರಾಸಿನ ವಿಷಯದಲ್ಲಿ ತಜ್ಞರಿರಲಿ ಎಂದು ಗುಣವತಿಯಕ್ಕ ಕಾರ್ಕಳದಿಂದ ಹಸೈನಾರ್ ಬ್ಯಾರಿಗಳನ್ನೇ ಕರೆಸಿದ್ದರು. ಬಾಗಿಲ ಬಳಿ ಸುಗಂಧಿ. ಎಮ್ಮೆಯನ್ನು ಮನೆಯಲ್ಲಿ ಬಿಡುವ ಧೈರ್ಯವಿಲ್ಲದೆ ಹೊಡೆದುಕೊಂಡೇ ಬಂದಿದ್ದರು. ಸಂಘದಲ್ಲಿ ಬರವಣಿಗೆ ಬಲ್ಲವನು ಮುದ್ದಣ್ಣ ಒಬ್ಬನೇ ಆದ್ದರಿಂದ, ತನ್ನ ಮೇಲಿನ ಆರೋಪಗಳನ್ನು ತಾನೇ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತ ಕುಳಿತಿದ್ದ. ಒಂದು ಕಡೆ ಗುಣವತಿಯಕ್ಕ ‘ನಂಬಿಕೆದ್ರೋಹ’ ಎಂದಾಗ, ದ್ರೋಹಕ್ಕೆ ಮುಂಚೆ ಜಾಗ ಬಿಡಬೇಕೇ ಎಂದು ಕೇಳಿದ.

“ಕಡೆಯ ಸಲ ಕೇಳುವುದು ಮುದ್ದಣ್ಣ. ಬೈರಾಸಿನ ಅಡಿಯಲ್ಲಿ ಎಂತ ಮಾತು?”

“ಹೇಳಲಿಕ್ಕೆ ಆಗುವುದಿಲ್ಲ ಅಕ್ಕ.”

ಆಗಲೇ ವಯರ್‌ಲೆಸ್ ಗೊರಗುಟ್ಟಿತು. ಜಲಪುಷ್ಪದವನ ದನಿ. “ಸ್ವರ್ಣಲತಾ ಹೇಳುವುದು, ಕಾಪು ದೀಪಸ್ತಂಭದ ನೇರ, ಹದಿನಾಲ್ಕು ಮಾರು.” ಮುದ್ದಣ್ಣ ಪೆನ್ನು ಕೆಳಗಿಟ್ಟು ಹೋಗಿ ‘ಕೇಳಿತು’ ಎಂದು ಹೇಳಿ ಬಂದು, ತನ್ನನ್ನು ತೆಗೆದುಹಾಕುವ ಠರಾವಿನ ಅರ್ಧ ವಾಕ್ಯವನ್ನು ಮುಂದುವರಿಸಿದ.

ವಾದ ನಡೆದು ನಡೆದು ಸಂಜೆಯಾಯಿತು; ಠರಾವಿಗೆ ಮತ ಹಾಕುವುದು ಮುಗಿದಿರಲಿಲ್ಲ, ದಡದಲ್ಲಿ ಗದ್ದಲ ಕೇಳಿತು. ಮೂರು ದೋಣಿಗಳೂ ಅಂಚಿನವರೆಗೆ ತುಂಬಿ ಬರುತ್ತಿದ್ದವು. ಅಂಥ ಬಂಗುಡೆ ಆ ವರ್ಷ ಬಿದ್ದಿರಲಿಲ್ಲ. ಸಭೆ ಎದ್ದು ನೀರಿಗೆ ಓಡಿತು. ಗುಣವತಿಯಕ್ಕ ಸೀರೆ ಎತ್ತಿಕಟ್ಟಿ ಬುಟ್ಟಿ ಹಿಡಿದರು. ಮುದ್ದಣ್ಣನ ಮುಖದಲ್ಲಿ ಆಸೆ ಮೂಡಿತು. ಅಷ್ಟರಲ್ಲಿ ಖಾಲಿ ಬಲೆಯೊಂದಿಗೆ ಸ್ಟ್ಯಾನಿಸ್ಲಾಸನ ದೋಣಿಯೂ ಬಂತು. ಅವನು ಇಳಿದವನೇ ಸ್ವರ್ಣಲತಾದ ಮೂತಿಯ ಮೇಲೆ ಕೈಯಿಟ್ಟ.

“ಈ ದೋಣಿ ನನ್ನದು. ಬೆಳಿಗ್ಗೆ ಬೈರಾಸಿನಲ್ಲಿ ಆಗಿದೆ. ಮೂರು ಲಕ್ಷಕ್ಕೆ. ಬೇಕಾದರೆ ಮುದ್ದಣ್ಣನನ್ನು ಕೇಳಿ.”

ಬೈರಾಸಿನ ಮಾತಿಗೆ ತಪ್ಪಿದವನು ಈ ಜಿಲ್ಲೆಯಲ್ಲಿ ತಲೆಯೆತ್ತುವ ಹಾಗಿಲ್ಲ.

“ಅದು ಹೌದಾ?” ಎಂದರು ಗುಣವತಿಯಕ್ಕ. ಗಂಡ ತೀರಿಕೊಂಡ ಮೇಲೆ ಅವರು ಕೈಯಲ್ಲಿದ್ದ ಬಳೆ ಕರಗಿಸಿ ಪಾಲು ಹಾಕಿದ ದೋಣಿ ಅದು.

“ಇನ್ನೊಂದು ಸಂಗತಿ,” ಎಂದ ಸ್ಟ್ಯಾನಿಸ್ಲಾಸ್. “ಹದಿನಾಲ್ಕು ಮಾರಿನಲ್ಲಿ ಒಂದು ಮೀನು ಇಲ್ಲ. ನಾನೇ ಹೋಗಿ ಬಂದೆ. ಇವರಿಗೆ ಎಲ್ಲಿ ಸಿಕ್ಕಿತು ಇದು?”

ಅವನ ಬಾಯಲ್ಲಿ ಹದಿನಾಲ್ಕು, ಅವನ ಕೈಯಲ್ಲಿ ಮೂರು. ಎರಡನ್ನೂ ಕೂಡಿಸುವುದೊಂದೇ ಬಾಕಿ. ಆ ಮೂರು ಬೆರಳು ಬೆಲೆಯಲ್ಲ ಎಂದು ಮುದ್ದಣ್ಣ ಹೇಳಿದರೆ ದೋಣಿ ಉಳಿಯುತ್ತದೆ, ಅವನ ಮಾನ ಉಳಿಯುತ್ತದೆ, ಬೀಗ ಒಡೆಯುತ್ತದೆ. ನಾಳೆಯಿಂದ ಹತ್ತು ದೋಣಿ, ಹತ್ತು ಆಳ. ಹೇಳದಿದ್ದರೆ ದೋಣಿ ಹೋಗುತ್ತದೆ. ಸುಂದರ ತಡೆಯಲಾರದೆ ಬಾಯಿ ತೆರೆದ. “ಅದು ಹಾಗಲ್ಲ, ಅದು...”

“ಸುಂದರ, ನೀನು ಬಲೆ ನೋಡು,” ಎಂದ ಮುದ್ದಣ್ಣ. ಅವನು ಯಾರನ್ನಾದರೂ ಗದರಿದ್ದು ನಾನು ಕೇಳಿದ್ದು ಅದೊಂದೇ ಸಲ.

ಹಸೈನಾರ್ ಬ್ಯಾರಿಗಳು ಗಡ್ಡ ನೀವುತ್ತ ಮುಂದೆ ಬಂದರು. “ಪೊರ್ಬುಗಳೇ,” ಎಂದರು ಸ್ಟ್ಯಾನಿಸ್ಲಾಸನಿಗೆ, “ಬೈರಾಸಿನ ಒಳಗೆ ಅಂಕೆ ಮಾತ್ರ. ಮಾಲು ಯಾವುದು ಅಂತ ಹೊರಗೆ ಬಾಯಿಬಿಟ್ಟು ಹೇಳಬೇಕು. ಅದು ಕ್ರಮ. ದೋಣಿ ಅಂತ ಇವರು ಹೇಳಿದ್ದಾರಾ?”

ಸ್ಟ್ಯಾನಿಸ್ಲಾಸ್ ತಡವರಿಸಿದ. “ಹೇಳಲಿಲ್ಲ. ಆದರೆ ಮತ್ತೆ ಎಂತ ಮಾರುವುದು ಇವನು?”

“ಮಾರುವವನು ಹೇಳಲಿ. ಮುದ್ದಣ್ಣನವರೇ, ಮಾಲು ಯಾವುದು?”

ಮುದ್ದಣ್ಣ ಆಕಾಶ ನೋಡಿದ. ಮತ್ತೆ ಬಲೆ ಚಪ್ಪರದ ಬಾಗಿಲ ಕಡೆ ನೋಡಿದ. ಅಲ್ಲಿ ಸುಗಂಧಿ ಹಗ್ಗ ಹಿಡಿದು ನಿಂತಿದ್ದರು.

“ಎಮ್ಮೆ,” ಎಂದ. “ನಮ್ಮ ಎಮ್ಮೆ. ಮೂರು ನೂರು.”

ಇಡೀ ಉಚ್ಚಿಲ ನಕ್ಕಿತು. ದಡದಲ್ಲಿ ಕುಳಿತು ನಕ್ಕರು, ಬುಟ್ಟಿಗೆ ಒರಗಿ ನಕ್ಕರು. ಹದಿನೈದು ದಿನಗಳಿಂದ ಈ ಪ್ರಾಣಿ ಮೀನು ಹಿಡಿಯುವ ತಾಂಡೇಲರಿಗೆ ಎಮ್ಮೆ ಮಾರಲು ನೋಡುತ್ತಿತ್ತು, ಹೆಂಡತಿಗೆ ಹೆದರಿ ಯಾರಿಗೂ ಹೇಳಿರಲಿಲ್ಲ. ಎಲ್ಲಕ್ಕೂ ಅರ್ಥ ಸಿಕ್ಕಿಬಿಟ್ಟಿತು. ಬರ್ತಾಬಾಯಿ ಕಣ್ಣೊರೆಸಿಕೊಳ್ಳುತ್ತ “ಹೊತ್ತಿಗೆ ಮೂರು ಸೇರಿನ ಎಮ್ಮೆ ಮುನ್ನೂರಕ್ಕೆ,” ಎಂದು ಹೇಳಿ ಹೇಳಿ ನಕ್ಕರು. ನಗದೆ ನಿಂತಿದ್ದವರು ಮೂವರು ತಾಂಡೇಲರು. ಅವರು ಮರಳನ್ನೇ ನೋಡುತ್ತಿದ್ದರು. ಬ್ಯಾರಿಗಳೂ ನಗಲಿಲ್ಲ. ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು: “ಎಂತ ಕಾಪಾಡಿದರು ಅಂತ ನನಗೆ ಗೊತ್ತಿಲ್ಲ. ಆದರೆ ನಲವತ್ತು ವರ್ಷದಲ್ಲಿ ಇಂಥ ಕೈ ನಾನು ನೋಡಿಲ್ಲ.”

ಮಾತಿಗೆ ಕಟ್ಟುಬಿದ್ದ ಸ್ಟ್ಯಾನಿಸ್ಲಾಸ್ ಮುಖ ಕೆಂಪಗೆ ಮಾಡಿಕೊಂಡು ಮುನ್ನೂರು ರೂಪಾಯಿ ತೆಗೆದ. ಸುಗಂಧಿ ಎಮ್ಮೆಯ ಹಣೆ ಸವರಿ, ಹಗ್ಗವನ್ನು ಅವನ ಕೈಗಿಟ್ಟರು. ಹದಿನಾಲ್ಕು ಮಾರಿನ ಸಂಶಯವನ್ನು ಅವನು ಅಲ್ಲಿಯೇ ಮರೆತ. ಖಾಲಿ ಬಲೆಯ ದೋಣಿಯಲ್ಲಿ ಎಮ್ಮೆಯನ್ನು ಕೆಮ್ಮಣ್ಣಿಗೆ ಒಯ್ಯುವುದು ಹೇಗೆಂಬುದೇ ಅವನಿಗೆ ಸಾಕಷ್ಟು ದೊಡ್ಡ ಪ್ರಶ್ನೆಯಾಗಿತ್ತು.

ಸಭೆ ಮತ್ತೆ ಕೂಡಿತು. ಗುಣವತಿಯಕ್ಕ ಹೇಳಿದರು, ಮುದ್ದಣ್ಣ ತಲೆ ಬಗ್ಗಿಸಿ ತನ್ನ ಚೆಂದದ ಅಕ್ಷರದಲ್ಲಿ ಬರೆದುಕೊಂಡ, ಕೊನೆಗೆ ಎದ್ದು ನಿಂತು ದೊಡ್ಡ ಗಂಟಲಿನಲ್ಲಿ ಓದಿದ:

“ಕರೆಯುವ ಎಮ್ಮೆಯನ್ನು ಮುನ್ನೂರು ರೂಪಾಯಿಗೆ ಮಾರಿದ್ದರಿಂದ ಶ್ರೀ ಮುದ್ದಣ್ಣನವರಿಗೆ ಬುದ್ಧಿಯಿಲ್ಲವೆಂದು ಸಾಬೀತಾಗಿದೆ. ಬುದ್ಧಿಯಿಲ್ಲದವರಿಂದ ಮೋಸ ನಡೆಯಲಾರದಾದ್ದರಿಂದ ಅವರನ್ನು ವಯರ್‌ಲೆಸ್ ಹುದ್ದೆಯಲ್ಲಿ ಮುಂದುವರಿಸಲು ಸಭೆಯು ಒಮ್ಮತದಿಂದ ತೀರ್ಮಾನಿಸಿತು.”

ಕೆಳಗೆ ಸಹಿ ಹಾಕಿದ. ದಿನಾಂಕ ಹಾಕಿದ. ಬುದ್ಧಿಯಿಲ್ಲ ಎಂಬಲ್ಲಿ ಒಂದು ಒತ್ತಕ್ಷರ ಮಾಸಿದ್ದನ್ನು ತಿದ್ದಿ ಸ್ಫುಟ ಮಾಡಿದ.

ನಾನು ಅವನನ್ನು ಮನೆಯವರೆಗೆ ಬಿಡಲು ಹೋದೆ. ಒಬ್ಬನೇ ಹೋಗುವ ಧೈರ್ಯ ಅವನಿಗಿರಲಿಲ್ಲ. ಸುಗಂಧಿ ಒಲೆಯ ಮುಂದೆ ಕುಳಿತಿದ್ದರು, ಬೆನ್ನು ನಮ್ಮ ಕಡೆಗೆ. ತಿರುಗದೆಯೇ ಕೇಳಿದರು.

“ನೀವು ಎಮ್ಮೆ ಮಾರಲಿಕ್ಕೆ ಹೋದದ್ದಲ್ಲ. ನಿಮ್ಮ ಮುಖ ನೋಡಿದರೆ ನನಗೆ ಗೊತ್ತಾಗುವುದಿಲ್ವಾ? ಎಂತ ಅಂತ ಹೇಳಿ.”

“ಹೇಳಲಿಕ್ಕೆ ಆಗುವುದಿಲ್ಲ ಸುಗಂಧಿ.”

“ನನಗೆ ಮಾತ್ರವಾ, ಯಾರಿಗೂ ಇಲ್ವಾ?”

“ಯಾರಿಗೂ ಇಲ್ಲ.”

ಆಕೆ ತಿರುಗಿ ನನ್ನನ್ನು ನೋಡಿದರು. “ಪೋಸ್ಟ್ ಮಾಸ್ಟ್ರೇ, ನಿಮಗೆ ಗೊತ್ತುಂಟಾ?”

ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ನಾನು ಒಂದೂ ಸುಳ್ಳು ಮೊಹರು ಒತ್ತಿದವನಲ್ಲ. “ಇಲ್ಲಮ್ಮ,” ಎಂದೆ.

“ಹಾಗಾದರೆ ಸರಿ,” ಎಂದರು ಸುಗಂಧಿ. ಮುಖದಲ್ಲಿ ಒಂದು ಬಗೆಯ ಸಮಾಧಾನವೂ ಇತ್ತು. ಎದ್ದು, ಮೂರು ಲೋಟಗಳಿಗೆ ಚಹಾ ಸೋಸಿ ತಂದಿಟ್ಟರು. ಹಾಲಿರಲಿಲ್ಲ. ಮೂವರೂ ಅದನ್ನು ಕುಡಿದೆವು.